ರ‍್ಯಾಕೆಟ್ ಭಾಷೆಯಲ್ಲಿ ಕಿಟಕಿ ತೆರೆದು ‘ತೀರ್ಥಹಳ್ಳಿ’ ಎಂದು ಸರಿಯಾಗಿ ಬರೆಸುವುದು ಹೇಗೆ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಒಳಗೆ, ತೋಟದ ಅಂಚಿಗಿದೆ. ಅಡಿಕೆ ಕೊಯ್ಲು ಶುರುವಾಯಿತೆಂದರೆ ರಾತ್ರಿ ಹತ್ತು ಹನ್ನೊಂದರ ತನಕ ಜಗಲಿಯಲ್ಲಿ ಸಿಪ್ಪೆ ಸುಲಿಯುವ ಮೆಟ್ಟುಗತ್ತಿಯ ಸದ್ದು ನಿಲ್ಲುವುದಿಲ್ಲ. ಸುಲಿತಕ್ಕೆ ಸುತ್ತಲಿನ ಏಳೆಂಟು ಮನೆಯ ಹೆಂಗಸರು ಬರುತ್ತಾರೆ. ಕೂಲಿ ಸುಲಿದ ಅಡಿಕೆಯ ಡಬ್ಬದ ಲೆಕ್ಕ. ಯಾರದ್ದು ಎಷ್ಟು ಡಬ್ಬವಾಯಿತೆಂದು ನಮ್ಮತ್ತೆ ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ವಾರಕ್ಕೊಮ್ಮೆ ಕೂಡಿ ದುಡ್ಡು ಕೊಡುತ್ತಾರೆ. ಕಳೆದ ವರ್ಷ ಅವರ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ನೋಟ್‌ಬುಕ್ಕಿನ ಗೆರೆ ಹಿಡಿದು ಓದುವುದು ಕಷ್ಟವಾಯಿತು. “ನಿನ್ನ ಆ ಹಳೇ ಲ್ಯಾಪ್‌ಟಾಪಿನಲ್ಲಿ ದೊಡ್ಡಕ್ಷರದಲ್ಲಿ ಕಾಣೋ ಹಾಗೆ ಎಂತಾದ್ರೂ ಮಾಡಿಕೊಡೇ. ಇಂಗ್ಲಿಷ್ ಮಾತ್ರ ಬೇಡ” ಅಂದರು.

ಮಾಡಿಕೊಟ್ಟೆ. ಒಂದು ಕೊಯ್ಲು ಪೂರ್ತಿ ಅದರಲ್ಲೇ ಲೆಕ್ಕ ನಡೆಯಿತು. ಅದನ್ನು ಬರೆದದ್ದು ರ‍್ಯಾಕೆಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ನಮ್ಮಲ್ಲಿ ಬಳಸುವವರು ಕಡಿಮೆ, ಕನ್ನಡದ ಕಿಟಕಿ ತೆರೆಯುವುದು ಹೇಗೆಂದು ಹೇಳುವವರು ಇನ್ನೂ ಕಡಿಮೆ. ದಾರಿಯಲ್ಲಿ ಏನೇನು ಅಡ್ಡ ಬಂತು, ಹೇಗೆ ದಾಟಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಬೇರೆ ಭಾಷೆಯಾದರೂ ಅರ್ಧಕ್ಕಿಂತ ಹೆಚ್ಚು ಭಾಗ ನಿಮಗೂ ಅನ್ವಯಿಸುತ್ತದೆ.

ಒಂದು ಮಾತು ಮೊದಲೇ. ಕೋಡಿನ ಪದಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವಕ್ಕೆ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿ. ಕೋಡಿನಲ್ಲಿ ಜೋಡಿ ಉದ್ಧರಣ ಚಿಹ್ನೆಯ ಒಳಗಿನ ಕನ್ನಡವೂ, ನಾನು ಕೊಟ್ಟ ಕನ್ನಡದ ಹೆಸರುಗಳೂ ಮಾತ್ರ ಹಾಗೆಯೇ ಇರಲಿ.

ಈ ಭಾಷೆ ಯಾಕೆ

ರ‍್ಯಾಕೆಟ್ ಲಿಸ್ಪ್ ಎಂಬ ಹಳೆಯ ಭಾಷೆಯ ಮನೆತನದ್ದು, ಅದೇ ಮನೆತನದ ಸ್ಕೀಮ್‌ನಿಂದ ಬೆಳೆದದ್ದು. 2010ರ ತನಕ ಅದರ ಹೆಸರು ಪಿಎಲ್‌ಟಿ ಸ್ಕೀಮ್ ಎಂದಿತ್ತು. ಕಾಲೇಜು ದಿನಗಳಿಂದ ನನಗೆ ಪರಿಚಯವಿದ್ದ ಭಾಷೆ ಎಂಬುದು ಒಂದು ಕಾರಣ. ಅದಕ್ಕಿಂತ ಗಟ್ಟಿಯಾದ ಕಾರಣ ಭಿನ್ನರಾಶಿ. ನಮ್ಮ ಜಗಲಿಯಲ್ಲಿ ಅತ್ತಿಗೆ ನಾದಿನಿಯರು ಮೂವರು ಒಂದೇ ಡಬ್ಬಕ್ಕೆ ಸುಲಿದು ಸಮಪಾಲು ಮಾಡಿಕೊಳ್ಳುವುದುಂಟು. ಒಬ್ಬರಿಗೆ ಮೂರನೇ ಒಂದು ಡಬ್ಬ. ಹೆಚ್ಚಿನ ಭಾಷೆಗಳಲ್ಲಿ ಒಂದನ್ನು ಮೂರರಿಂದ ಭಾಗಿಸಿದರೆ 0.3333 ಎಂದು ಒಂದು ಕಡೆ ಕತ್ತರಿಸಿ ಇಟ್ಟುಕೊಳ್ಳುತ್ತದೆ. ರ‍್ಯಾಕೆಟ್‌ನಲ್ಲಿ 1/3 ಎಂದರೆ 1/3. ವಾರದ ಕೊನೆಗೆ ಅಂಥ ಮೂರು ಪಾಲು ಕೂಡಿದರೆ ಸರಿಯಾಗಿ 1 ಬರುತ್ತದೆ. ಕೂಲಿಯ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು ಕಡಿಮೆಯಾದರೂ ಮಾತು ಬರುತ್ತದೆ, ಬರಲೂ ಬೇಕು.

ಮೊದಲು ಅಕ್ಷರ, ಆಮೇಲೆ ಲೆಕ್ಕ

ನಾನು ಮಾಡಿದ ದೊಡ್ಡ ತಪ್ಪು ಇಲ್ಲೇ. ಮೊದಲ ಸಲ ಬೇರೊಂದು ಭಾಷೆ, ಬೇರೊಂದು ಟೂಲ್‌ಕಿಟ್ (ಕಿಟಕಿ, ಗುಂಡಿಗಳನ್ನು ಮಾಡಿಕೊಡುವ ಸಲಕರಣೆ) ಹಿಡಿದು ಹದಿನೈದು ದಿನ ಲೆಕ್ಕದ ಭಾಗವನ್ನೆಲ್ಲ ಬರೆದೆ. ಪರೀಕ್ಷೆಗೆಲ್ಲ ಇಂಗ್ಲಿಷಿನದ್ದೇ ಹೆಸರು ಹಾಕಿದ್ದೆ. ಕೊನೆಗೆ ಗುಂಡಿಗಳ ಮೇಲೆ ಕನ್ನಡ ಹಾಕಿ ಅತ್ತೆಗೆ ತೋರಿಸಿದರೆ, ಮೇಲ್ಗಡೆ ದೊಡ್ಡದಾಗಿ ‘ತೀರ್‌ಥಹಳ್‌ಳಿ’ ಎಂದಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. “ಇದೆಂತದೇ? ನಮ್ಮೂರ ಹೆಸರು ಹೀಗಾ ಬರೆಯೋದು?” ನನ್ನ ಬಳಿ ಉತ್ತರವಿರಲಿಲ್ಲ. ಹದಿನೈದು ದಿನದ ಕೆಲಸ ಅಲ್ಲಿಗೆ ಬಿಟ್ಟೆ.

ಅಲ್ಲಿ ಆದದ್ದೇನೆಂದು ಆಮೇಲೆ ತಿಳಿಯಿತು. ‘ತೀರ್ಥಹಳ್ಳಿ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ: ತೀ, ರ್ಥ, ಹ, ಳ್ಳಿ. ಕಂಪ್ಯೂಟರಿನ ಒಳಗೆ ಅದು ಹತ್ತು ಯೂನಿಕೋಡ್ ಸಂಕೇತಗಳ ಸಾಲು: ತ, ದೀರ್ಘದ ಗುಡಿಸು, ರ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ಥ, ಹ, ಳ, ವಿರಾಮ, ಳ, ಗುಡಿಸು. ಈ ಹತ್ತನ್ನು ಸಾಲಾಗಿ ಬಿಡಿಬಿಡಿ ಬರೆದರೆ ಕನ್ನಡವಾಗುವುದಿಲ್ಲ. ರ ಎಂಬುದು ಥ ದ ಬಲಕ್ಕೆ ಹೋಗಿ ಅರ್ಕಾವೊತ್ತಾಗಬೇಕು. ಎರಡನೇ ಳ ಕೆಳಗಿಳಿದು ಒತ್ತಾಗಬೇಕು. ಕಟ್ಟಕಡೆಯಲ್ಲಿ ಬಂದ ಗುಡಿಸು ಹಿಂದಕ್ಕೆ ಬಂದು ಮೊದಲನೇ ಳ ದ ತಲೆಯ ಮೇಲೆ ಕೂರಬೇಕು. ಈ ಜೋಡಣೆಗೆ ಶೇಪಿಂಗ್ ಎನ್ನುತ್ತಾರೆ. ಅದನ್ನು ಮಾಡುವುದು ನಿಮ್ಮ ಪ್ರೋಗ್ರಾಮಿಂಗ್ ಭಾಷೆಯಲ್ಲ. ಅದರ ಕೆಳಗಿರುವ ಟೂಲ್‌ಕಿಟ್, ಅದಕ್ಕೂ ಕೆಳಗಿನ ಪಠ್ಯದ ಲೈಬ್ರರಿ.

ಹಾಗಾಗಿ ಯಾವ ಅಪರೂಪದ ಭಾಷೆಯನ್ನೇ ಹಿಡಿಯಿರಿ, ಮೊದಲು ಕೇಳಬೇಕಾದದ್ದು ಇದು: ಇದರ ಕಿಟಕಿಯಲ್ಲಿ ಅಕ್ಷರ ಬರೆಯುವವರು ಯಾರು? ಲಿನಕ್ಸ್‌ನಲ್ಲಿ ಜಿಟಿಕೆ ಎಂಬ ಟೂಲ್‌ಕಿಟ್ ಆಗಿದ್ದರೆ ಕೆಳಗೆ ಪ್ಯಾಂಗೊ, ಅದರ ಕೆಳಗೆ ಹರ್ಫ್‌ಬಜ್ ಎಂಬ ಪಠ್ಯದ ಲೈಬ್ರರಿಗಳು ಇರುತ್ತವೆ. ಕನ್ನಡ ಸರಿಯಾಗಿ ಬರುತ್ತದೆ. ಪ್ಯಾಂಗೊ ಎಂಬ ಹೆಸರು ಗ್ರೀಕಿನ ‘ಎಲ್ಲ’ ಮತ್ತು ಜಪಾನಿಯ ‘ಭಾಷೆ’ ಸೇರಿ ಆದದ್ದು. ಹೆಸರಿಗೆ ತಕ್ಕ ಕೆಲಸವನ್ನೇ ಮಾಡುತ್ತದೆ. ಕ್ಯೂಟಿ ಎಂಬ ಟೂಲ್‌ಕಿಟ್ ಕೂಡ ಹರ್ಫ್‌ಬಜ್ ಬಳಸುತ್ತದೆ, ತೊಂದರೆಯಿಲ್ಲ. ಟಿಕೆ ಎಂಬ ಟೂಲ್‌ಕಿಟ್‌ನ 8.6ನೇ ಆವೃತ್ತಿ ಲಿನಕ್ಸ್‌ನಲ್ಲಿ ಎಕ್ಸ್‌ಎಫ್‌ಟಿ ಎಂಬ ಲೈಬ್ರರಿಯ ಮೂಲಕ ಬರೆಯುತ್ತದೆ. ಅಲ್ಲಿ ಶೇಪಿಂಗ್ ಇಲ್ಲ. ಟಿಕೆಯ ಜೊತೆಗಾರ ಭಾಷೆ ಟಿಸಿಎಲ್ ಮಾತ್ರವಲ್ಲ, ಟಿಕೆಯನ್ನು ಬಳಸುವ ಕಾಮನ್ ಲಿಸ್ಪ್‌ನ ಎಲ್‌ಟಿಕೆಗೂ ಪೈಥಾನ್‌ನ ಟಿಕಿಂಟರ್‌ಗೂ ಲಿನಕ್ಸ್‌ನಲ್ಲಿ ಇದೇ ಕತೆ. ವಿಂಡೋಸ್‌ನಲ್ಲಾದರೆ ಅಕ್ಷರ ಜೋಡಿಸುವ ಕೆಲಸವನ್ನು ವಿಂಡೋಸೇ ಮಾಡಿಕೊಡುವುದರಿಂದ ಅದೇ ಪ್ರೋಗ್ರಾಂ ಚೆನ್ನಾಗಿ ಕಾಣಬಹುದು. ಅಲ್ಲಿ ಕಂಡದ್ದನ್ನು ನಂಬಿ ಇಲ್ಲಿಗೆ ತಂದರೆ ಮೋಸಹೋಗುತ್ತೀರಿ. ಲುವಾ ಬಳಸುವವರಿಗೆ ಐಯುಪಿ ಇದೆ, ಅದು ಲಿನಕ್ಸ್‌ನಲ್ಲಿ ಜಿಟಿಕೆ ಮೇಲೆ ನಿಲ್ಲುತ್ತದೆ. ಆಟದ ಕಿಟಕಿಗಳಿಗೆಂದು ಬಳಸುವ ಡಿಯರ್ ಇಮ್‌ಗುಯಿಯಲ್ಲಿ ಶೇಪಿಂಗ್ ಇಲ್ಲ.

ರ‍್ಯಾಕೆಟ್‌ನ ಕಿಟಕಿಗಳು ಲಿನಕ್ಸ್‌ನಲ್ಲಿ ಜಿಟಿಕೆಯವು, ವಿಂಡೋಸ್‌ನಲ್ಲಿ ವಿಂಡೋಸ್‌ನವು, ಮ್ಯಾಕ್‌ನಲ್ಲಿ ಮ್ಯಾಕ್‌ನವು. ಬಿಳಿ ಹಲಗೆಯ ಮೇಲೆ ನಾವೇ ಚಿತ್ರ ಬಿಡಿಸುವಾಗ ಮಾತ್ರ ಎಲ್ಲ ಕಡೆಯೂ ಚಿತ್ರ ಬಿಡಿಸುವ ಲೈಬ್ರರಿ ಕೈರೊ ಮತ್ತು ಪ್ಯಾಂಗೊ.

ಪರೀಕ್ಷೆಗೆ ನಾನು ಮೂರು ಪದ ಇಟ್ಟುಕೊಂಡಿದ್ದೇನೆ. ಒಂದು ‘ತೀರ್ಥಹಳ್ಳಿ’. ಇನ್ನೊಂದು ‘ರಿಪ್ಪನ್‌ಪೇಟೆ’, ಇದರಲ್ಲಿ ನ್ ಮತ್ತು ಪೇ ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಸಂಕೇತ ಇರಬೇಕು, ಇಲ್ಲದಿದ್ದರೆ ಪ ಒತ್ತಾಗಿ ನ ದ ಕೆಳಗೆ ಹೋಗುತ್ತದೆ. ಮೂರನೆಯದು ಈ ಭಾಷೆಯ ಹೆಸರೇ: ‘ರ‍್ಯಾಕೆಟ್’. ರ, ವಿರಾಮ, ಯ ಎಂದಷ್ಟೇ ಟೈಪ್ ಮಾಡಿದರೆ ‘ಸೂರ್ಯ’ದಲ್ಲಿರುವಂತೆ ಅರ್ಕಾವೊತ್ತು ಬರುತ್ತದೆ. ರ ದೊಡ್ಡದಾಗಿ ನಿಂತು ಯ ಒತ್ತಾಗಬೇಕಾದರೆ ರ ಮತ್ತು ವಿರಾಮದ ನಡುವೆ ಕೂಡಿಸುವ ಸಂಕೇತ ಬೇಕು. ಈ ಮೂರು ಸರಿಯಾಗಿ ಕಂಡರೆ ಆ ಟೂಲ್‌ಕಿಟ್ ಮೇಲೆ ಧೈರ್ಯವಾಗಿ ಮನೆ ಕಟ್ಟಬಹುದು.

ಹಾಕಿಕೊಳ್ಳುವುದು

ನನ್ನದು ಡೆಬಿಯನ್ ಎಂಬ ಲಿನಕ್ಸ್. ಫಾಂಟ್‌ನಿಂದ ಶುರುಮಾಡಿ. ಟರ್ಮಿನಲ್‌ನಲ್ಲಿ ‘ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್’ ಎಂದು ಕೊಟ್ಟರೆ ಕನ್ನಡ ಬರೆಯಬಲ್ಲ ಫಾಂಟ್‌ಗಳ ಪಟ್ಟಿ ಬರುತ್ತದೆ. ಖಾಲಿ ಬಂದರೆ ನೋಟೊ, ಲೋಹಿತ್, ಗುಬ್ಬಿ ಇವುಗಳಲ್ಲಿ ಒಂದನ್ನು ಹಾಕಿಕೊಳ್ಳಿ. ಮೂರೂ ಡೆಬಿಯನ್ ಭಂಡಾರದಲ್ಲಿವೆ. ಗುಬ್ಬಿ ಕನ್ನಡಕ್ಕೆಂದೇ ಮಾಡಿದ ಮುಕ್ತ ಫಾಂಟ್. ಅತ್ತೆಗೆ ಮಾತ್ರ ನೋಟೊ ಸಾನ್ಸ್ ಕನ್ನಡ ಹಿಡಿಸಿತು, ಒತ್ತುಗಳು ಅವರ ಕಣ್ಣಿಗೆ ಬಿಡಿಸಿದಂತೆ ಕಾಣುತ್ತವಂತೆ. ವಿಂಡೋಸ್‌ನವರಿಗೆ ನಿರ್ಮಲಾ ಯುಐ ಮೊದಲೇ ಇರುತ್ತದೆ.

ಭಾಷೆಯನ್ನು ಹಾಕಲು ಸುಲಭದ ದಾರಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ರ‍್ಯಾಕೆಟ್’. ಹೊಸ ಆವೃತ್ತಿಯೇ ಬೇಕೆಂದರೆ ರ‍್ಯಾಕೆಟ್‌ನ ಅಧಿಕೃತ ತಾಣದಿಂದ ಇನ್‌ಸ್ಟಾಲರ್ ಇಳಿಸಿಕೊಳ್ಳಬೇಕು. ಪೂರ್ತಿ ಕಟ್ಟು ನೂರು ಎಂಬಿಗೂ ಹೆಚ್ಚು. ನಮ್ಮ ಮನೆಯಲ್ಲಿ ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ, ಅಷ್ಟು ದೊಡ್ಡದು ಒಂದೇ ಉಸಿರಿಗೆ ಇಳಿಯುವುದಿಲ್ಲ. ನಮ್ಮಂಥ ಕಡೆ ಇರುವವರು ‘ಮಿನಿಮಲ್ ರ‍್ಯಾಕೆಟ್’ ಎಂಬ ಚಿಕ್ಕ ಕಟ್ಟನ್ನು ಇಳಿಸಿ, ಆಮೇಲೆ ‘ರಾಕೊ ಪಿಕೆಜಿ ಇನ್‌ಸ್ಟಾಲ್ ಜಿಯುಐ-ಲಿಬ್’ ಎಂದು ಕೊಡಿ. ಬರೀ ‘ಜಿಯುಐ’ ಎಂದರೆ ದಾಖಲೆಗಳನ್ನೂ ಎಳೆದು ತರುತ್ತದೆ, ಕೊನೆಯ ಆ ‘ಲಿಬ್’ ಮರೆಯಬೇಡಿ. ಹೀಗೆ ಮಾಡಿದರೆ ಡಾಕ್ಟರ್ ರ‍್ಯಾಕೆಟ್ ಎಂಬ ಅದರ ಎಡಿಟರ್ ಬರುವುದಿಲ್ಲ. ಯಾವುದೇ ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ಬರೆದು ಟರ್ಮಿನಲ್‌ನಿಂದ ಓಡಿಸಬಹುದು. ನಾನು ಮಾಡಿದ್ದೂ ಹಾಗೆಯೇ.

ಮೊದಲ ಕಿಟಕಿ

ಇಷ್ಟು ಬರೆದು, ಯುಟಿಎಫ್-8 (ಯೂನಿಕೋಡನ್ನು ಕಡತದಲ್ಲಿ ಇಡುವ ಒಂದು ರೀತಿ) ಆಗಿ ಉಳಿಸಿ:

#ಲ್ಯಾಂಗ್ ರ‍್ಯಾಕೆಟ್/ಜಿಯುಐ
(ಡಿಫೈನ್ ಕಿಟಕಿ (ನ್ಯೂ ಫ್ರೇಮ್% [ಲೇಬಲ್ "ಸುಲಿತದ ಲೆಕ್ಕ"] [ವಿಡ್ತ್ 600] [ಹೈಟ್ 400]))
(ನ್ಯೂ ಮೆಸೇಜ್% [ಪೇರೆಂಟ್ ಕಿಟಕಿ] [ಲೇಬಲ್ "ತೀರ್ಥಹಳ್ಳಿ ರಿಪ್ಪನ್‌ಪೇಟೆ ರ‍್ಯಾಕೆಟ್"])
(ಸೆಂಡ್ ಕಿಟಕಿ ಶೋ #ಟಿ)

ಫ್ರೇಮ್, ಮೆಸೇಜ್ ಇವುಗಳ ಕೊನೆಯ ಶೇಕಡಾ ಚಿಹ್ನೆ ಹೆಸರಿನದ್ದೇ ಭಾಗ. ಅದು ಕ್ಲಾಸ್ ಎಂಬುದರ ಗುರುತು, ಬಿಟ್ಟರೆ ಪ್ರೋಗ್ರಾಂ ಓಡುವುದಿಲ್ಲ. ‘ಕಿಟಕಿ’ ಎಂಬ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಿ, ರ‍್ಯಾಕೆಟ್ ಒಪ್ಪಿಕೊಳ್ಳುತ್ತದೆ. ನನ್ನ ಪ್ರೋಗ್ರಾಮಿನಲ್ಲಿ ಡಬ್ಬ, ಪಾಲು, ಕೂಲಿ, ಬಾಕಿ ಎಲ್ಲವೂ ಕನ್ನಡದ ಹೆಸರುಗಳೇ. ಆರು ತಿಂಗಳ ಮೇಲೆ ತೆರೆದು ನೋಡಿದಾಗ ಯಾವುದು ಏನೆಂದು ಯೋಚಿಸಬೇಕಾಗಲಿಲ್ಲ.

ಕಿಟಕಿ ತೆರೆದಾಗ ತಲೆಪಟ್ಟಿ ನೋಡಿ ತೀರ್ಮಾನ ಮಾಡಬೇಡಿ. ತಲೆಪಟ್ಟಿಯ ಅಕ್ಷರ ಬರೆಯುವುದು ಸಾಮಾನ್ಯವಾಗಿ ಡೆಸ್ಕ್‌ಟಾಪ್, ನಿಮ್ಮ ಟೂಲ್‌ಕಿಟ್ ಅಲ್ಲ. ಅದು ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ. ನನ್ನ ಮೊದಲ ಪ್ರಯತ್ನದಲ್ಲೂ ಚೆನ್ನಾಗಿತ್ತು, ಅದನ್ನೇ ನೋಡಿ ನಾನು ನಿಶ್ಚಿಂತೆಯಾಗಿದ್ದೆ. ಕಿಟಕಿಯ ಒಳಗಿನ ಸಾಲನ್ನು ನೋಡಿ.

ಹಾಗೆಯೇ ಡಾಕ್ಟರ್ ರ‍್ಯಾಕೆಟ್ ಬಳಸುವವರು ಎಡಿಟರಿನಲ್ಲಿ ಕನ್ನಡ ಹೇಗೆ ಕಾಣುತ್ತದೆ ಎಂಬುದರಿಂದ ಕಿಟಕಿಯನ್ನು ಅಳೆಯಬಾರದು. ಆ ಎಡಿಟರ್ ರ‍್ಯಾಕೆಟ್‌ನವರೇ ಬರೆದದ್ದು, ಜಿಟಿಕೆಯದ್ದಲ್ಲ. ಗುಂಡಿ, ಸಾದಾ ಬರಹ, ಆಯ್ಕೆಯ ಪಟ್ಟಿ, ಸಾಲುಗಳ ಪಟ್ಟಿ ಇವು ಜಿಟಿಕೆಯವು. ಟೈಪ್ ಮಾಡುವ ಪೆಟ್ಟಿಗೆ, ಅಂದರೆ ‘ಟೆಕ್ಸ್ಟ್-ಫೀಲ್ಡ್%’, ಆ ಎಡಿಟರಿನ ಬಂಧು. ಇದನ್ನು ತಿಳಿದ ಮೇಲೆ ನಾನು ಪರದೆಯ ವಿನ್ಯಾಸವನ್ನೇ ಬದಲಿಸಿದೆ. ಹೆಸರು ಟೈಪ್ ಮಾಡುವುದೇ ಬೇಡ. ಬರುವವರು ಹನ್ನೆರಡೇ ಜನ, ‘ಚಾಯ್ಸ್%’ ಪಟ್ಟಿಯಿಂದ ಆರಿಸಿದರಾಯಿತು. ಪೆಟ್ಟಿಗೆಯಲ್ಲಿ ಟೈಪ್ ಮಾಡುವುದು ಅಂಕಿ ಮಾತ್ರ. ಅತ್ತೆಗೆ ಇದೇ ಸುಲಭವಾಯಿತು.

ಗುಂಡಿಯ ವಿಷಯ ಹೆಚ್ಚಿಲ್ಲ. ‘ಬಟನ್%’ಗೆ ಕೊಡುವ ಕಾಲ್‌ಬ್ಯಾಕ್, ಅಂದರೆ ಒತ್ತಿದಾಗ ಓಡುವ ಫಂಕ್ಷನ್, ಎರಡು ಆರ್ಗ್ಯುಮೆಂಟ್ ತೆಗೆದುಕೊಳ್ಳಬೇಕು: ಗುಂಡಿ ಒಂದು, ಘಟನೆ ಒಂದು. ಒಂದನ್ನೇ ಬರೆದರೆ ಗುಂಡಿ ಮಾಡುವಾಗಲೇ ದೋಷ ಬರುತ್ತದೆ. ಅಕ್ಷರದ ಗಾತ್ರಕ್ಕೆ [ಫಾಂಟ್ (ಮೇಕ್-ಫಾಂಟ್ #:ಸೈಜ್ 22 #:ಫೇಸ್ "ನೋಟೊ ಸಾನ್ಸ್ ಕನ್ನಡ")] ಎಂದು ಸೇರಿಸಿ. ಫಾಂಟ್‌ನ ಹೆಸರು ಇಂಗ್ಲಿಷಿನಲ್ಲಿ, ಎಫ್‌ಸಿ-ಲಿಸ್ಟ್ ತೋರಿಸಿದಂತೆಯೇ ಇರಲಿ. ಮಂಡಿಯ ಹೆಸರು ಹಾಕುವವರಿಗೆ ಒಂದು ಸೂಕ್ಷ್ಮ ಇದೆ. ಹೆಸರಿನ ನಡುವೆ ‘&’ ಇದ್ದರೆ ಗುಂಡಿಯ ಮೇಲೆ ಅದು ಕಾಣುವುದಿಲ್ಲ, ಕೀಬೋರ್ಡ್ ಶಾರ್ಟ್‌ಕಟ್‌ನ ಗುರುತೆಂದು ನುಂಗಿಬಿಡುತ್ತದೆ. ‘&&’ ಎಂದು ಎರಡು ಸಲ ಹಾಕಿ.

ದೊಡ್ಡಕ್ಷರದ ಹಲಗೆ

ಅತ್ತೆಗೆ ಬೇಕಿದ್ದದ್ದು ಜಗಲಿಯ ಮೂಲೆಯಿಂದ ಕಾಣುವ ಮೊತ್ತ. ಅದಕ್ಕೆ ‘ಕ್ಯಾನ್ವಾಸ್%’ ಎಂಬ ಬಿಳಿ ಹಲಗೆ ಹಾಕಿದೆ. ಅದರ ‘ಪೇಂಟ್-ಕಾಲ್‌ಬ್ಯಾಕ್’ ಒಳಗೆ ನಾವೇ ಬರೆಯುವುದು. ಹೀಗೆ ಬರೆದೆ (ಡಿಸಿ ಎಂಬುದು ಹಲಗೆಯ ಮೇಲೆ ಬರೆಯುವ ಸಾಧನ):

(ಸೆಂಡ್ ಡಿಸಿ ಡ್ರಾ-ಟೆಕ್ಸ್ಟ್ "ಒಟ್ಟು ಡಬ್ಬ" 20 20)

ಮತ್ತೆ ಅದೇ ಮುರಿದ ಕನ್ನಡ. ಒತ್ತುಗಳೆಲ್ಲ ಬಿಡಿಬಿಡಿ. ಗುಂಡಿಯ ಮೇಲೆ ಅದೇ ಪದ ಸರಿಯಾಗಿದೆ, ನಾಲ್ಕು ಬೆರಳು ಕೆಳಗೆ ಹಲಗೆಯ ಮೇಲೆ ತಪ್ಪಾಗಿದೆ. ಪ್ಯಾಂಗೊ ಇರುವಲ್ಲೂ ಹೀಗೇಕೆ ಎಂದು ಒಂದು ಸಂಜೆ ಪೂರ್ತಿ ಕೂತೆ. ಉತ್ತರ ರ‍್ಯಾಕೆಟ್‌ನ ದಾಖಲೆಯಲ್ಲೇ ಇತ್ತು. ಡ್ರಾ-ಟೆಕ್ಸ್ಟ್‌ಗೆ ನಾಲ್ಕನೆಯ ಆರ್ಗ್ಯುಮೆಂಟ್ ಒಂದಿದೆ, ‘ಕಂಬೈನ್?’ ಎಂದು ಹೆಸರು. ಕೊಡದಿದ್ದರೆ ಅದು ಸುಳ್ಳು, ಅಂದರೆ ಪ್ರತಿ ಸಂಕೇತವನ್ನೂ ಬೇರೆಬೇರೆಯಾಗಿ ಅಳೆದು ಬರೆಯುತ್ತದೆ. ಇಂಗ್ಲಿಷಿಗೆ ಅದರಿಂದ ನಷ್ಟವಿಲ್ಲ. ಕನ್ನಡಕ್ಕೆ ಪ್ರಾಣವೇ ಹೋದಂತೆ. ಹೀಗೆ ತಿದ್ದಿ:

(ಸೆಂಡ್ ಡಿಸಿ ಡ್ರಾ-ಟೆಕ್ಸ್ಟ್ "ಒಟ್ಟು ಡಬ್ಬ" 20 20 #ಟಿ)

ನಿಜ ಎಂದರ್ಥದ ಆ ಒಂದು ‘#ಟಿ’ ಸೇರಿಸಿ ಮತ್ತೆ ಓಡಿಸಿದಾಗ ಟ ದ ಕೆಳಗೆ ಒತ್ತು, ಬ ದ ಕೆಳಗೆ ಒತ್ತು, ಎರಡೂ ಅದರದರ ಜಾಗದಲ್ಲಿ. ಅತ್ತೆಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. “ಹಾಂ, ಈಗ ಸರಿ” ಅಂದು ಒಳಗೆ ಹೋದರು.

ಬರಹವನ್ನು ನಡುವಿಗೆ ತರಬೇಕಾದರೆ ಅಗಲ ಅಳೆಯಬೇಕು. ಅಳೆಯುವ ‘ಗೆಟ್-ಟೆಕ್ಸ್ಟ್-ಎಕ್ಸ್‌ಟೆಂಟ್’ಗೂ ಇದೇ ಕಂಬೈನ್ ಇದೆ, ಪಠ್ಯ ಮತ್ತು ಫಾಂಟ್ ಆದ ಮೇಲೆ ಮೂರನೆಯದಾಗಿ. ಬರೆಯುವಲ್ಲಿ ಕೊಟ್ಟು ಅಳೆಯುವಲ್ಲಿ ಮರೆತರೆ ಅಗಲ ಹೆಚ್ಚು ಬಂದು ಬರಹ ಎಡಕ್ಕೆ ಸರಿಯುತ್ತದೆ. ಎರಡೂ ಕಡೆ ಕೊಡುವ ಒಂದು ಚಿಕ್ಕ ಫಂಕ್ಷನ್ ಬರೆದಿಟ್ಟುಕೊಂಡು ಮುಂದೆ ಅದನ್ನೇ ಕರೆಯಿರಿ. ವಾರದ ಚೀಟಿಯನ್ನು ಪಿಡಿಎಫ್ ಮಾಡಿ ಫೋನಿಗೆ ಕಳಿಸುತ್ತೇವೆ. ‘ಪಿಡಿಎಫ್-ಡಿಸಿ%’ ಕೂಡ ಅದೇ ಡ್ರಾ-ಟೆಕ್ಸ್ಟ್ ಬಳಸುವುದರಿಂದ ಅಲ್ಲಿಯೂ ಆ ಫಂಕ್ಷನ್ ಒದಗಿತು.

ಮೂರೂವರೆಯನ್ನು ಬರೆಯುವ ಬಗೆ

ಅತ್ತೆಯ ನೋಟ್‌ಬುಕ್ಕಿನಲ್ಲಿ ದಶಾಂಶ ಎಂಬುದೇ ಇಲ್ಲ. ಮೂರೂಕಾಲು ಎಂದರೆ ಮೂರರ ಮುಂದೆ ಒಂದು ಗೀಟು, ಮೂರೂವರೆಗೆ ಎರಡು ಗೀಟು, ಮೂರೂಮುಕ್ಕಾಲಿಗೆ ಮೂರು ಗೀಟು. ಹಳೆಯ ಲೆಕ್ಕದ ಪುಸ್ತಕಗಳೆಲ್ಲ ಹೀಗೆಯೇ. ಅವರ ಕೈಗೆ ಕೂತ ಈ ರೂಢಿಯನ್ನು ಬದಲಿಸಲು ನನಗೆ ಮನಸ್ಸಾಗಲಿಲ್ಲ. ಪೆಟ್ಟಿಗೆಯಲ್ಲಿ 3|| ಎಂದು ಟೈಪ್ ಮಾಡಿದರೆ ಮೂರೂವರೆ ಎಂದೇ ಪ್ರೋಗ್ರಾಂ ಓದಬೇಕು.

ಇದು ರ‍್ಯಾಕೆಟ್‌ನಲ್ಲಿ ಹತ್ತು ಸಾಲಿನ ಕೆಲಸ. ಪಠ್ಯದಲ್ಲಿ ಗೀಟುಗಳನ್ನು ಎಣಿಸಿ ನಾಲ್ಕರಿಂದ ಭಾಗಿಸಿ, ಉಳಿದ ಅಂಕಿಗಳನ್ನು ಸಂಖ್ಯೆ ಮಾಡಿ, ಎರಡನ್ನೂ ಕೂಡಿಸಿ. 3|| ಎಂಬುದು 3 ಕೂಡಿಸು 2/4, ಅಂದರೆ 7/2 ಆಗಿ ನಿಲ್ಲುತ್ತದೆ. ಮೊತ್ತ ತೋರಿಸುವಾಗ ತಿರುಗಿ ಗೀಟು ಮಾಡಿ ತೋರಿಸುತ್ತೇನೆ. ಮೂರನೇ ಒಂದರ ಪಾಲು ಗೀಟಿಗೆ ಸಿಗುವುದಿಲ್ಲ, ಅದನ್ನು 1/3 ಎಂದೇ ತೋರಿಸುತ್ತದೆ. ಯಾರಾದರೂ 3.5 ಎಂದು ಟೈಪ್ ಮಾಡಿದರೆ ಅದು ದಶಾಂಶವಾಗಿ ಬಂದು ಉಳಿದ ಭಿನ್ನರಾಶಿಗಳನ್ನೂ ದಶಾಂಶ ಮಾಡಿಬಿಡುತ್ತದೆ, ಹಾಗಾಗಿ ಒಳಗೆ ತರುವಾಗಲೇ ‘ಇನ್‌ಎಗ್ಜಾಕ್ಟ್->ಎಗ್ಜಾಕ್ಟ್’ ಮೂಲಕ ಹಾಯಿಸಿ.

ಕನ್ನಡ ಅಂಕಿ ಟೈಪ್ ಮಾಡುವವರಿಗೂ ದಾರಿ ಮಾಡಿಕೊಡಬೇಕು. ‘ಸ್ಟ್ರಿಂಗ್->ನಂಬರ್’ಗೆ ೩ ಅರ್ಥವಾಗುವುದಿಲ್ಲ, ಸುಳ್ಳು ಎಂದು ಹಿಂದಿರುಗಿಸುತ್ತದೆ. ಆದರೆ ೦ ಯಿಂದ ೯ ರ ತನಕದ ಅಂಕಿಗಳು ಯೂನಿಕೋಡ್‌ನಲ್ಲಿ ಸಾಲಾಗಿವೆ: 3302ರಿಂದ 3311. ಅಕ್ಷರದ ಸಂಖ್ಯೆಯಿಂದ 3302 ಕಳೆದರೆ ಅಂಕಿ ಸಿಗುತ್ತದೆ. ಎಚ್ಚರ ಬೇಕಾದದ್ದು ಸೊನ್ನೆಯಲ್ಲಿ. ಅನುಸ್ವಾರದ ಸಂಖ್ಯೆ 3202, ಕಣ್ಣಿಗೆ ಎರಡೂ ಒಂದೇ ದುಂಡು. ಹಳೆಯ ಕಡತಗಳಲ್ಲಿ ಹತ್ತು ಎಂಬುದನ್ನು ೧ ಮತ್ತು ಅನುಸ್ವಾರ ಹಾಕಿ ಬರೆದಿರುತ್ತಾರೆ. ಅಂಕಿಯಾದ ಮೇಲೆ ಅನುಸ್ವಾರ ಬಂದರೆ ಸೊನ್ನೆಯೆಂದೇ ತಿಳಿಯುವಂತೆ ಒಂದು ಸಾಲು ಸೇರಿಸಿದೆ.

ಉಳಿಸುವುದು, ಮತ್ತು ಒಬ್ಬರು ಇಬ್ಬರಾದದ್ದು

ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ಲ್ಯಾಪ್‌ಟಾಪಿನ ಬ್ಯಾಟರಿಯೂ ಹಳೆಯದು. ‘ಉಳಿಸು’ ಎಂಬ ಗುಂಡಿಯೇ ಇರಕೂಡದೆಂದು ಮೊದಲೇ ನಿರ್ಧರಿಸಿದ್ದೆ. ಒಂದು ಸಾಲು ಸೇರಿಸಿದೊಡನೆ ಅದು ಕಡತದ ಕೊನೆಗೆ ಹೋಗಿ ಕೂರಬೇಕು. ‘ವಿತ್-ಔಟ್‌ಪುಟ್-ಟು-ಫೈಲ್’ ಬಳಸುವಾಗ ‘#:ಎಗ್ಜಿಸ್ಟ್ಸ್’ಗೆ ‘ಅಪೆಂಡ್’ ಕೊಡಿ. ಕೊಡದಿದ್ದರೆ ಮೊದಲ ಸಲ ಸರಿಯಾಗಿ ನಡೆದು, ಎರಡನೇ ಸಲ ಕಡತ ಮೊದಲೇ ಇದೆ ಎಂದು ತಕರಾರು ತೆಗೆಯುತ್ತದೆ. ರ‍್ಯಾಕೆಟ್ ತಾನಾಗಿಯೇ ಯುಟಿಎಫ್-8ರಲ್ಲಿ ಬರೆಯುತ್ತದೆ, ಅದಕ್ಕೆ ಬೇರೆ ಏನೂ ಮಾಡಬೇಕಿಲ್ಲ.

ಎರಡನೇ ವಾರ ಒಂದು ವಿಚಿತ್ರ ನಡೆಯಿತು. ಒಬ್ಬರ ಹೆಸರು ಪಟ್ಟಿಯಲ್ಲಿ ಎರಡು ಸಲ, ಡಬ್ಬ ಎರಡು ಕಡೆ ಹಂಚಿಹೋಗಿತ್ತು. ಹೆಸರು ನೋಡಿದರೆ ಅಕ್ಷರಕ್ಕಕ್ಷರ ಒಂದೇ. ಆ ಹೆಸರು ‘ಗೀ’ ಎಂದು ಶುರುವಾಗುತ್ತದೆ. ಒಂದು ಕಡೆ ‘ಗೀ’ ಎಂದರೆ ಗ ಮತ್ತು ದೀರ್ಘದ ಗುಡಿಸು, ಎರಡು ಸಂಕೇತ. ಇನ್ನೊಂದು ಕಡೆ ಗ, ಗುಡಿಸು, ಅದರ ಮುಂದೆ ದೀರ್ಘ ಬೇರೆಯಾಗಿ, ಮೂರು ಸಂಕೇತ. ಪರದೆಯ ಮೇಲೆ ಎರಡೂ ಒಂದೇ ರೂಪ. ಹಳೆಯ ಫಾಂಟಿನಲ್ಲಿದ್ದ ಹೆಸರಿನ ಪಟ್ಟಿಯನ್ನು ಯಾವುದೋ ಪರಿವರ್ತಕ ಬಳಸಿ ಯೂನಿಕೋಡ್ ಮಾಡಿದ್ದೆ. ಹಳೆಯ ಫಾಂಟ್‌ಗಳಲ್ಲಿ ದೀರ್ಘ ಬೇರೆಯೇ ಒಂದು ತುಂಡಾಗಿರುತ್ತಿತ್ತು. ಪರಿವರ್ತಕ ಅದನ್ನು ಹಾಗೆಯೇ ಬೇರೆಯಾಗಿ ಉಳಿಸಿತ್ತು. ಆಮೇಲೆ ನಾನು ಕೈಯಲ್ಲಿ ಟೈಪ್ ಮಾಡಿ ಸೇರಿಸಿದ್ದು ಕೂಡಿದ ರೂಪದ್ದು. ಕೇ, ಕೈ, ಕೊ, ಕೋ ಇವಕ್ಕೂ ಇದೇ ಅಪಾಯವಿದೆ.

ಪರಿಹಾರ ಒಂದೇ ಪದ: ‘ಸ್ಟ್ರಿಂಗ್-ನಾರ್ಮಲೈಜ್-ಎನ್‌ಎಫ್‌ಸಿ’. ಕಡತದಿಂದ ಓದಿದ ಪ್ರತಿ ಹೆಸರನ್ನೂ ಇದರ ಮೂಲಕ ಹಾಯಿಸಿ ಒಳಗೆ ಬಿಡಿ; ಬಿಡಿಯಾದದ್ದೆಲ್ಲ ಕೂಡಿದ ರೂಪಕ್ಕೆ ಬರುತ್ತದೆ. ‘ರಿಪ್ಪನ್‌ಪೇಟೆ’ಯಲ್ಲಿರುವಂಥ ಕಾಣದ ಸಂಕೇತವನ್ನು ಮಾತ್ರ ಇದು ಮುಟ್ಟುವುದಿಲ್ಲ. ಅದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಎರಡು ಹೆಸರೇ ಆಗುತ್ತದೆ. ಹೆಸರುಗಳನ್ನು ಒಂದೇ ಕಡತದಲ್ಲಿಟ್ಟು, ಎಲ್ಲ ಕಡೆಯೂ ಅಲ್ಲಿಂದಲೇ ಆರಿಸುವಂತೆ ಮಾಡಿದರೆ ಆ ತೊಂದರೆ ಬರುವುದಿಲ್ಲ. ಆ ವಾರದ ಲೆಕ್ಕವನ್ನು ನಾನೂ ಅತ್ತೆಯೂ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಮತ್ತೆ ಕೂಡಿದೆವು. ನೋಟ್‌ಬುಕ್ ಸರಿಯಿತ್ತು. ಮೊದಲ ತಿಂಗಳು ಎರಡೂ ಕಡೆ ಬರೆಯಿರಿ ಎಂದು ನಾನು ಹೇಳುವುದು ಅದಕ್ಕೇ.

ಲೆಕ್ಕವನ್ನು ಬೇರೆಯವರಿಗೆ ಎಕ್ಸೆಲ್‌ಗೆಂದು ಕೊಡುವಾಗ ಎರಡು ವಿಷಯ ನೆನಪಿರಲಿ. ಕಡತದ ಮೊದಲಿಗೆ ಬಿಒಎಂ ಎಂಬ ಗುರುತು ಇಲ್ಲದಿದ್ದರೆ ಸಿಎಸ್‌ವಿಯನ್ನು ನೇರ ತೆರೆದಾಗ ಕನ್ನಡ ಚಿತ್ತಾಗಿ ಕಾಣಬಹುದು. ಇನ್ನೊಂದು, 7/2 ಎಂದು ಬರೆದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ನಮ್ಮ ಕಡತದಲ್ಲಿ ಭಿನ್ನರಾಶಿಯೇ ಇರಲಿ, ಹೊರಗೆ ಕೊಡುವ ಪ್ರತಿಯಲ್ಲಿ ಮಾತ್ರ ದಶಾಂಶ ಮಾಡಿ.

ಅತ್ತೆಯ ಕೈಗೆ

ಟರ್ಮಿನಲ್ ತೆರೆದು ಓಡಿಸು ಎಂದು ಅವರಿಗೆ ಹೇಳುವಂತಿಲ್ಲ. ‘ರಾಕೊ ಎಕ್ಸಿ --ಜಿಯುಐ’ ಎಂದು ಕೊಟ್ಟು ಕಡತದ ಹೆಸರು ಹಾಕಿದರೆ ಒಂದೇ ಓಡುವ ಕಡತ ಸಿಗುತ್ತದೆ. ಅದು ರ‍್ಯಾಕೆಟ್ ಇರುವ ಇದೇ ಯಂತ್ರಕ್ಕೆ ಸಾಕು. ರ‍್ಯಾಕೆಟ್ ಇಲ್ಲದ ಯಂತ್ರಕ್ಕೆ ಒಯ್ಯುವುದಾದರೆ ‘ರಾಕೊ ಡಿಸ್ಟ್ರಿಬ್ಯೂಟ್’ ಮಾಡಿ ಬರುವ ಇಡೀ ಫೋಲ್ಡರನ್ನು ಕೊಡಬೇಕು. ಲಿನಕ್ಸ್‌ನಲ್ಲಿ ಜಿಟಿಕೆ, ಪ್ಯಾಂಗೊ ಅದರ ಒಳಗೆ ಬರುವುದಿಲ್ಲ, ಆ ಯಂತ್ರದಲ್ಲೇ ಇರಬೇಕು, ಸಾಮಾನ್ಯವಾಗಿ ಇರುತ್ತವೆ. ಕನ್ನಡ ಫಾಂಟ್ ಇರುತ್ತದೆಂದು ಮಾತ್ರ ನಂಬಬೇಡಿ, ಪೆನ್‌ಡ್ರೈವ್‌ನಲ್ಲಿ ಜೊತೆಗೆ ಒಯ್ಯಿರಿ.

ಕೊನೆಗೆ ಮೆನುವಿನಲ್ಲಿ ಕಾಣಲು ಡೆಸ್ಕ್‌ಟಾಪ್ ಕಡತವೊಂದು ಬೇಕು. ಹೋಮ್ ಫೋಲ್ಡರಿನ ‘.ಲೋಕಲ್’ ಒಳಗೆ ‘ಶೇರ್’, ಅದರ ಒಳಗೆ ‘ಅಪ್ಲಿಕೇಷನ್ಸ್’. ಅಲ್ಲಿ ‘.ಡೆಸ್ಕ್‌ಟಾಪ್’ ಎಂದು ಕೊನೆಯಾಗುವ ಹೆಸರಿನ ಕಡತ ಮಾಡಿ, ಮೊದಲ ಸಾಲಿಗೆ [ಡೆಸ್ಕ್‌ಟಾಪ್ ಎಂಟ್ರಿ], ಆಮೇಲೆ ಟೈಪ್, ನೇಮ್, ಎಗ್ಜೆಕ್ ಮೂರು ಸಾಲು. ನೇಮ್ ಎಂಬಲ್ಲಿ ಕನ್ನಡದಲ್ಲೇ ‘ಸುಲಿತದ ಲೆಕ್ಕ’ ಎಂದು ಬರೆದೆ. ಎಗ್ಜೆಕ್‌ಗೆ ಪೂರ್ತಿ ದಾರಿ ಕೊಡಿ.

ಈಗ ರಾತ್ರಿ ಸುಲಿತ ಮುಗಿದ ಮೇಲೆ ಲ್ಯಾಪ್‌ಟಾಪ್ ಜಗಲಿಯ ಕಟ್ಟೆಯ ಮೇಲೆ ಬರುತ್ತದೆ. ಒಬ್ಬೊಬ್ಬರೇ ಹೆಸರು ಹೇಳುತ್ತಾರೆ, ಅತ್ತೆ ಪಟ್ಟಿಯಿಂದ ಆರಿಸಿ ಅಂಕಿ ಮತ್ತು ಗೀಟು ಒತ್ತುತ್ತಾರೆ, ಹಲಗೆಯ ಮೇಲೆ ಅವರವರ ಮೊತ್ತ ಎರಡು ಬೆರಳು ಎತ್ತರದ ಅಕ್ಷರದಲ್ಲಿ ಬರುತ್ತದೆ. ಹೇಳಿದವರು ಬಗ್ಗಿ ನೋಡಿ ತಲೆಯಾಡಿಸಿದ ಮೇಲೇ ಮುಂದಿನ ಹೆಸರು. ಈ ಸಲದ ಕೊಯ್ಲಿಗೆ ಮೊದಲು ಸೇರಿಸಿಕೊಡು ಎಂದು ಅವರು ಕೇಳಿರುವುದು ಮುಂಗಡದ ಕಲಮು: ಹಬ್ಬಕ್ಕೆ ಯಾರು ಎಷ್ಟು ಮೊದಲೇ ತೆಗೆದುಕೊಂಡರು ಎಂಬುದು, ವಾರದ ಮೊತ್ತದಿಂದ ಕಳೆದು ಕಾಣಬೇಕು.